ಲಿಫ್ಟಣ್ಣ ಕಾಡಿನಲ್ಲಿ ಉರುಳಿದ್ದು

ಹನ್ನೊಂದು ಮಹಡಿಯ ಆ ಕಚೇರಿ ಕಟ್ಟಡದಲ್ಲಿ ಅವನು ಎಲ್ಲರಿಗೂ ಲಿಫ್ಟಣ್ಣ. ಇಪ್ಪತ್ತಾರು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು, ಗುಂಡಿ ಒತ್ತಿ, ಜನರನ್ನು ಹತ್ತಿಸಿ ಇಳಿಸಿದವನು. ಬೆಳಗ್ಗೆ ಒಳಹೊಕ್ಕರೆ ಸಂಜೆವರೆಗೆ ಬಿಸಿಲಿನ ಮುಖ ಕಾಣುತ್ತಿರಲಿಲ್ಲ. ಯಾರು ಯಾವ ಮಹಡಿಗೆ, ಯಾರಿಗೆ ಯಾರ ಮೇಲೆ ಮುನಿಸು, ಎಲ್ಲ ಅವನಿಗೆ ಅಂಗೈ ನೆಲ್ಲಿಕಾಯಿ. ಆದರೆ ಈಚೆಗೆ ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಮಲಗಿದರೂ ಹೊಟ್ಟೆಯೊಳಗೆ ಲಿಫ್ಟು ಹತ್ತಿ ಇಳಿಯುತ್ತಿತ್ತು. ರಕ್ತದೊತ್ತಡವೂ ಏರಿತ್ತು.

ಆರನೇ ಮಹಡಿಯ ಡಾಕ್ಟರಮ್ಮ ಒಂದು ದಿನ ಲಿಫ್ಟಿನಲ್ಲೇ ಅವನ ನಾಡಿ ಹಿಡಿದು ನೋಡಿದರು.

"ಮಾತ್ರೆ ಬಿಡಬೇಡಿ. ಜೊತೆಗೆ ಭಾನುವಾರ ಎರಡು ಗಂಟೆ ಕಾಡಲ್ಲಿರಿ. ಫೋನ್ ಬೇಡ. ಸುಮ್ನೆ ನೋಡಿ, ಕೇಳಿ, ಮೂಸಿ."

"ಕಾಡಿಗೆ ಹೋಗೋ ವಯಸ್ಸಾ ಮೇಡಂ ಇದು?" ಎಂದು ಅವನು ನಕ್ಕು ತಳ್ಳಿಹಾಕಿದ.

ವಿಷಯ ತಿಳಿದ ಅವನ ಅಕ್ಕ ಬಿಡಲಿಲ್ಲ. ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿ ಒತ್ತಿ ನಿವೃತ್ತಳಾದವಳು, ಅರವತ್ತೆರಡರ ಹರೆಯ. "ಬಿಟ್ಟಿ ಔಷಧಿ ಕೊಟ್ರೆ ಬೇಡ ಅಂತೀಯಲ್ಲೋ. ನಡಿ, ನಾನೂ ಬರ್ತೀನಿ," ಎಂದು ಕಾಡಿನಂಚಿನಲ್ಲಿದ್ದ ಬಸ್ಸಿನ ಕೊನೆಯ ನಿಲ್ದಾಣದವರೆಗೆ ಎಳೆದೊಯ್ದಳು.

ಮೊದಲ ಅರ್ಧ ಗಂಟೆ ಅವನು ಕೈಕಟ್ಟಿ, ಯಾರಿಗೋ ಬಾಗಿಲು ತೆರೆಯಬೇಕಾದವನಂತೆ ಮರದ ಕೆಳಗೆ ನಿಂತಿದ್ದ. ಅಕ್ಕ ಯಾವುದೋ ಎಲೆಯನ್ನು ಹೊಸಕಿ ಅವನ ಮೂಗಿಗೆ ಹಿಡಿದಳು. ಘಾಟು ನೆತ್ತಿಗೇರಿತು. ಒಂದಲ್ಲ, ಏಳು ಸೀನು. ಒಂದೊಂದು ಸೀನಿಗೂ ಪೊದೆಯಿಂದ ಒಂದೊಂದು ಹಕ್ಕಿ ಪುರ್ರೆಂದು ಹಾರಿತು. ಅಕ್ಕನಿಗೆ ನಗು ಉಕ್ಕಿತು, ಅವನಿಗೂ ಅಂಟಿಕೊಂಡಿತು.

ಮುಂದೆ ಒಂದು ಇಳಿಜಾರು, ಮೊಣಕಾಲುದ್ದ ತರಗೆಲೆ. ಮಂಡಿನೋವಿನ ಅಕ್ಕ ಕೂತು ಮೆಲ್ಲಗೆ ಇಳಿಯೋಣವೆಂದಳು. ಕೂತದ್ದೇ ತಡ, ಸರ್ರನೆ ಜಾರಿದಳು. ಹಿಡಿಯಲು ಓಡಿದ ತಮ್ಮ ಕಾಲು ತಪ್ಪಿ, ಮೂರು ಉರುಳು ಉರುಳಿ, ಅಕ್ಕನನ್ನೇ ಹಿಂದಿಕ್ಕಿ ತಳ ಸೇರಿದ. ತಿರುಗಿ ನೋಡಿದರೆ ಅಕ್ಕ ಕಾಣಲಿಲ್ಲ.

"ಅಕ್ಕಾ, ಏನಾದ್ರೂ ಆಯ್ತಾ?"

ಎಲೆಗಳ ಗುಡ್ಡೆಯೊಳಗಿಂದ ಮಾತು ಬಂತು. "ಇನ್ನೊಂದ್ ಸಲ ಹೋಗೋಣ್ವಾ?"

ನಾಲ್ಕು ಸಲ ಹೋದರು. ಆಮೇಲೆ ಅಂಗಾತ ಬಿದ್ದುಕೊಂಡರು. ಮೇಲೆ ಮರದ ತುದಿಗಳು ಗಿರಗಿರನೆ ತಿರುಗುತ್ತಿದ್ದವು, ನಡುವೆ ಬೆಳಕು ಚೂರುಚೂರಾಗಿ ಉದುರುತ್ತಿತ್ತು. ಒದ್ದೆ ಮಣ್ಣಿನ ವಾಸನೆ ಎದೆಯ ಆಳಕ್ಕಿಳಿಯಿತು. ಎಷ್ಟೋ ವರ್ಷದಿಂದ ಬಿಗಿದಿದ್ದ ಗಂಟೊಂದು ಅಲ್ಲಿ ಸಡಿಲವಾದಂತಾಯಿತು. ನಗುತ್ತಲೇ ಅವನ ಕಣ್ಣು ತುಂಬಿತು. ಅಕ್ಕ ನೋಡಿಯೂ ನೋಡದವಳಂತಿದ್ದಳು.

ಮನೆಯಲ್ಲಿ ಹೆಂಡತಿ ಅವನ ತಲೆಯಿಂದ ಎಲೆ ಹೆಕ್ಕುತ್ತ ಕೇಳಿದಳು. "ಎಲ್ಲಿ ಬಿದ್ರಿ?"

"ಬಿದ್ದಿಲ್ಲ ಕಣೇ, ಉರುಳಿದ್ದು."

ಅಂದು ಊಟ ಮುಗಿದದ್ದೇ ಕೊರಡಿನಂತೆ ಮಲಗಿ, ಬೆಳಗ್ಗೆ ಅಲಾರಂ ಹೊಡೆದರೂ ಏಳಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಕೆಲಸಕ್ಕೆ ತಡವಾಯಿತು. ಲಿಫ್ಟಿನ ಕೀಲಿ ಅವನ ಬಳಿಯೇ ಇದ್ದುದರಿಂದ ಹನ್ನೊಂದು ಮಹಡಿಯವರೂ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದರು.

ಮೂರು ತಿಂಗಳಲ್ಲಿ ರಕ್ತದೊತ್ತಡ ಹತೋಟಿಗೆ ಬಂತು, ಡಾಕ್ಟರಮ್ಮ ಒಂದು ಮಾತ್ರೆ ಕಡಿಮೆ ಮಾಡಿದರು. ಅಕ್ಕತಮ್ಮಂದಿರು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಇದೇನು ಹುಚ್ಚು ನೋಡಿಯೇ ಬಿಡೋಣವೆಂದು ಒಮ್ಮೆ ಹೆಂಡತಿಯೂ ಹೊರಟಳು. ಇಳಿಜಾರಿನ ತಲೆಯಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು, "ಅತ್ತಿಗೆ, ನಿಮಗಾದ್ರೂ ಬುದ್ಧಿ ಬೇಡ್ವಾ?" ಎಂದಳು. ಕೆಳಗಿನಿಂದ ಇಬ್ಬರ ನಗು ಮಾತ್ರ ಕೇಳಿಸಿತು. ಆಮೇಲೆ ಚಪ್ಪಲಿ ಬಿಚ್ಚಿ ಜೋಡಿಸಿಟ್ಟು, ಎಲೆಯ ಮೇಲೆ ಕೂತಳು.

"ಆ ಕಡೆ ಸರ್ಕೊಳ್ರೀ, ಬರ್ತಿದೀನಿ."