ಅಕ್ಕನಿಗೆ ಕಳಿಸಿದ ಫೋಟೋ

ಗಿರಿಜಾ, ಅಂದು ನಿನ್ನ ಅಕ್ಕನಿಗೆ ನಾನು ಕಳಿಸಿದ್ದು ನಿನ್ನ ನಿಜವಾದ ಮುಖವಲ್ಲ. ತಿದ್ದಿದ ಫೋಟೋ. ಆರು ವರ್ಷದಿಂದ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿನ್ನೆದುರೇ ಕೂತು ಉಂಡಿದ್ದೇನೆ — ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ.

ನಿನ್ನ ಮೊದಲ ಬಸಿರಿನಲ್ಲಿ ಪ್ರತಿ ಸೋಮವಾರ ಅಡುಗೆಮನೆಯ ಬಾಗಿಲಿಗೆ ನಿನ್ನನ್ನು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದೆ. ದಾಸನಕೊಪ್ಪದಲ್ಲಿ ಸ್ಟುಡಿಯೋ ಇಟ್ಟವನು, ಊರಿನವರ ಮದುವೆಯನ್ನೆಲ್ಲ ತೆಗೆದವನು ಎಂಬ ಜಂಬ ಬೇರೆ. ಏಳನೇ ತಿಂಗಳ ಕುಬುಸದ ದಿನ ಹಸಿರು ಬಳೆ ನಿನ್ನ ಕೈಗೆ ಏರಲಿಲ್ಲ. ಬಳೆಗಾರ ಎರಡು ಸಲ ಅಳತೆ ಬದಲಿಸಿದ. "ತವರಿನ ತುಪ್ಪ ಹತ್ತೇತಿ ಬಿಡ್ರಿ" ಎಂದು ಹೆಂಗಸರೆಲ್ಲ ನಕ್ಕರು. ನಾನೂ ನಗುತ್ತಲೇ ಫೋಟೋ ತೆಗೆದೆ.

ಹುಬ್ಬಳ್ಳಿಯಲ್ಲಿ ನರ್ಸ್ ಆಗಿರುವ ಅಕ್ಕನಿಗೆ ಅಂದು ರಜೆ ಸಿಕ್ಕಿರಲಿಲ್ಲ. ಸಂಜೆ ಫೋನ್ ಮಾಡಿದರು. "ಬಳಿ ಏರಲಿಲ್ಲಂತ ಅವ್ವ ಹೇಳಿದ್ಲು. ಆಕಿ ಮುಖ ಬಾತೈತೇನು ನೋಡಬೇಕ್ರಿ, ಒಂದು ಫೋಟೋ ಕಳಸ್ರಿ."

ಅವರು ಸ್ಪಷ್ಟವಾಗಿ ಕೇಳಿದ್ದರು. ನಾನೂ ಸ್ಪಷ್ಟವಾಗಿ ಕೇಳಿಸಿಕೊಂಡಿದ್ದೆ. ಆದರೂ ಗಿರಾಕಿಗಳ ಫೋಟೋಗೆ ಮಾಡುವಂತೆ ನಿನ್ನ ಕೆನ್ನೆಯನ್ನು ಒಳಕ್ಕೆ ಸರಿಸಿದೆ, ಕಣ್ಣಿನ ಕೆಳಗಿನ ಬಾವನ್ನು ಒರೆಸಿದೆ. ಅಕ್ಕ ಅದನ್ನು ಹತ್ತು ಜನರಿಗೆ ತೋರಿಸುತ್ತಾರೆ, ನನ್ನ ಹೆಂಡತಿ ಚಂದ ಕಾಣಲಿ — ಅಷ್ಟೇ. ಎಂಥ ಅಷ್ಟೇ!

"ಮುಖ ಏನೂ ಬಾತಿಲ್ಲ. ಸೋಮವಾರ ಡಾಕ್ಟರಿಗೆ ತೋರಿಸಿದ್ರ ನಡೀತೈತಿ" ಎಂದರು ಅಕ್ಕ. ಅದು ತಿದ್ದಿದ್ದು ಎನ್ನಬೇಕಿತ್ತು. ಬಾಯಿಗೆ ಬಂದಿತ್ತು ಕೂಡ —

ಸೋಮವಾರ ಬರಲಿಲ್ಲ. ಶನಿವಾರವೇ ತಲೆನೋವು, ಕಣ್ಣಿಗೆ ಮಂಜು, ಆಮೇಲೆ ಫಿಟ್ಸ್. ಶಿರಸಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಒಳಗೇ ತೀರಿಕೊಂಡಿತ್ತು. ಬಿಪಿ ಏರಿತ್ತು, ಬಾವು ಅದರದೇ ಸೂಚನೆ ಎಂದು ಡಾಕ್ಟರು ನನ್ನೊಬ್ಬನಿಗೇ ಹೇಳಿದರು. ಮನೆಯಲ್ಲಿ ನನ್ನ ತಾಯಿ, "ದಿನಾ ಮಿಡಿ ಉಪ್ಪಿನಕಾಯಿ ತಿಂದ್ರ ಇನ್ನೇನಾಗತೈತಿ" ಎಂದಳು. ನೀನು ಅದನ್ನೇ ನಂಬಿದೆ. ನಾನು ನಂಬಲು ಬಿಟ್ಟೆ. ಫಿಟ್ಸ್ ಎಂದೊಡನೆ ಬಿಪಿ ಎಂದು ಊಹಿಸಿದ ಅಕ್ಕ, ಫೋಟೋ ನೋಡಿಯೂ ತನಗೆ ತಿಳಿಯಲಿಲ್ಲವಲ್ಲ ಎಂದು ನನ್ನೆದುರು ಅತ್ತಾಗಲೂ ಸುಮ್ಮನಿದ್ದೆ.

ಈಗ ಮತ್ತೆ ಆರನೇ ತಿಂಗಳು. ಉಪ್ಪಿನಕಾಯಿ ಭರಣಿಯ ಕಡೆ ನೀನು ತಿರುಗಿಯೂ ನೋಡುವುದಿಲ್ಲ. ನಾನೋ ದಿನಕ್ಕೆ ಹತ್ತು ಸಲ ನಿನ್ನ ಪಾದ ನೋಡುತ್ತೇನೆ, ಬಳೆ ಸಡಿಲವಿದೆಯೇ ಎಂದು ಕೈ ಹಿಡಿಯುತ್ತೇನೆ. ಪ್ರೀತಿ ಎಂದುಕೊಂಡು ನೀನು ನಗುತ್ತೀಯ. ಇಂದು ಬೆಳಿಗ್ಗೆ ನೀನೇ ಆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. "ಒಂದು ಹೊಡೀರಿ, ಅಕ್ಕಗ ಕಳಸೂಣು." ಒಂದೇ ಒಂದು ತೆಗೆದು ಕ್ಯಾಮೆರಾ ಕೆಳಗಿಟ್ಟೆ.

ಇದನ್ನು ಹೇಳಿದರೆ ನಿನ್ನ ಬಿಪಿ ಏರೀತೆಂಬ ಹೆದರಿಕೆ ಈಗಲೂ ಇದೆ. ಆದರೆ ನಿನಗಾಗಿ ಸುಮ್ಮನಿದ್ದೇನೆ ಎಂದೇ ಅಲ್ಲವೇ ಆರು ವರ್ಷ ಕಳೆದದ್ದು...

ಇವತ್ತಿನ ಫೋಟೋವನ್ನು ತಿದ್ದದೆ ಅಕ್ಕನಿಗೆ ಕಳಿಸಿದ್ದೇನೆ. ಜೊತೆಗೆ ಆ ದಿನದ ಎರಡನ್ನೂ — ಇದ್ದದ್ದು, ತಿದ್ದಿದ್ದು. ವಿಷಯ ಬರೆದು, ನಾಳೆಯೇ ಬನ್ನಿ ಎಂದಿದ್ದೇನೆ. ಅವರು ನಿನ್ನ ಪಕ್ಕ ಕೂತ ಮೇಲೆ ಈ ಕಾಗದವನ್ನು ನಿನ್ನ ಕೈಗೆ ಕೊಡುತ್ತೇನೆ. ಹೊರಗೆ ಎದ್ದು ಹೋಗುವುದಿಲ್ಲ, ಅಲ್ಲೇ ನಿಂತಿರುತ್ತೇನೆ. ಉಪ್ಪಿನಕಾಯಿಯದು ತಪ್ಪಿರಲಿಲ್ಲ, ಗಿರಿಜಾ. ನಿನ್ನದೂ ಇರಲಿಲ್ಲ.