ಸ್ಪಂಜಿನ ಬೂಟು ಹಾಕಿಕೊಂಡು ರಾಯಚರ್ಲಿಗೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಪಾವಗಡ ತಾಲ್ಲೂಕಿನಲ್ಲಿ ಮಲೇರಿಯಾ ಕೆಲಸದಲ್ಲಿದ್ದೆ. ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು. ಮನೆಮನೆಗೆ ಹೋಗಿ ಯಾರಿಗಾದರೂ ಜ್ವರ ಬಂದಿತ್ತೇ ಎಂದು ವಿಚಾರಿಸಬೇಕು. ಬಂದಿದ್ದರೆ ಬೆರಳು ಚುಚ್ಚಿ ಗಾಜಿನ ಮೇಲೆ ಒಂದು ತೊಟ್ಟು ರಕ್ತ ತೆಗೆದುಕೊಂಡು ಮಾತ್ರೆ ನುಂಗಿಸಬೇಕು. ಬಂದುಹೋದ ಗುರುತಿಗೆ ಗೋಡೆಯ ಮೇಲೆ ತಾರೀಖು ಬರೆಯಬೇಕು. ಕೆಲಸ ಕಷ್ಟದ್ದಲ್ಲ, ನಡಿಗೆ ಕಷ್ಟದ್ದು. ಬೆಳಿಗ್ಗೆ ಹೊರಟರೆ ಹೊತ್ತು ಮುಳುಗುವವರೆಗೂ ಕಾಲಿಗೆ ಬಿಡುವಿರಲಿಲ್ಲ.

ನನ್ನ ಹೆಂಡತಿ ಕೊರಟಗೆರೆ ಕಡೆ ಒಂದು ಆಸ್ಪತ್ರೆಯಲ್ಲಿ ನರ್ಸು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಮನೆ ಇದ್ದದ್ದು ಶಿರಾ ತಾಲ್ಲೂಕಿನ ತಾವರೆಕೆರೆಯಲ್ಲಿ. ಇಬ್ಬರಿಗೂ ರಜೆ ಸಿಕ್ಕ ಭಾನುವಾರ ಅವಳು ಆ ಕಡೆಯಿಂದ, ನಾನು ಈ ಕಡೆಯಿಂದ ಅಲ್ಲಿಗೆ ಬಂದು ಸೇರುತ್ತಿದ್ದೆವು. ಮನೆ ತುಂಬ ಜನ. ಅವಳು ಅತ್ತಿಗೆಯರ ಜೊತೆ ಅಡುಗೆಮನೆಯಲ್ಲಿ, ನಾನು ಅಣ್ಣಂದಿರ ಜೊತೆ ಜಗಲಿಯಲ್ಲಿ. ಮುದ್ದೆ ಬಡಿಸಲು ಬಗ್ಗಿದಾಗ ಮೆಲ್ಲಗೆ, "ಸೊರಗಿದ್ದೀರಲ್ಲ" ಅನ್ನುವಳು. ಅಷ್ಟೇ ನಮ್ಮ ಮಾತು. ಸಂಜೆಯ ಬಸ್ಸಿಗೆ ಮತ್ತೆ ಅವಳ ದಾರಿ ಅವಳಿಗೆ, ನನ್ನ ದಾರಿ ನನಗೆ.

ಅಂಥ ಒಂದು ಭಾನುವಾರ ಬಚ್ಚಲಿನ ಹತ್ತಿರ ಕಾಲು ತೊಳೆದುಕೊಳ್ಳುತ್ತಿದ್ದೆ. ನೀರು ಹಾಕಲು ಬಂದವಳು ಚೊಂಬು ಕೆಳಗಿಟ್ಟು ನನ್ನ ಹಿಮ್ಮಡಿಯನ್ನೇ ನೋಡತೊಡಗಿದಳು. ಟೈರಿನ ಚಪ್ಪಲಿ ಸವೆಸಿ, ಜಾಲಿಮುಳ್ಳು ತುಳಿದು, ಹಿಮ್ಮಡಿ ಬಿರಿದು ರಕ್ತ ಒಸರುತ್ತಿತ್ತು.

"ಇಂಥ ಕಾಲಿಟ್ಕೊಂಡು ಯಾರಾದ್ರೂ ನಮ್ಮ ಆಸ್ಪತ್ರೆಗೆ ಬಂದಿದ್ರೆ ಬೈದು ಕಳಿಸ್ತಿದ್ದೆ" ಎಂದಳು.

"ನನ್ನನ್ನೂ ಬೈ."

ಬೈಯಲಿಲ್ಲ. ಸಂಜೆ ಶಿರಾದಲ್ಲಿ ಬಸ್ಸು ಬದಲಿಸುವಾಗ ನೇರ ಚಪ್ಪಲಿ ಅಂಗಡಿಗೆ ಕರೆದುಕೊಂಡು ಹೋದಳು. ಸಂಜೆ ಕಾಲು ಊದಿರುತ್ತದೆ, ಬೂಟು ಕೊಳ್ಳುವುದಾದರೆ ಆಗಲೇ ಕೊಳ್ಳಬೇಕು ಎಂಬುದು ಅವಳ ವಾದ. ಅಂಗಡಿಯ ಸಾಬರು ಒಳಗೆಲ್ಲ ದಪ್ಪ ಸ್ಪಂಜು ಹಾಸಿದ ಕಂದು ಬೂಟೊಂದನ್ನು ತೆಗೆದು ಹೆಬ್ಬೆರಳಿನಿಂದ ಒತ್ತಿ ತೋರಿಸಿದರು.

"ದೇಖೋ ಸಾರ್, ಗಾದಿ ಇದ್ದಂಗೈತೆ. ಪೂರಾ ದಿನ ನಡೀರಿ, ಕಾಲಿಗೆ ಗೊತ್ತೇ ಆಗಲ್ಲ."

ನಾನು ಹಾಕಿಕೊಂಡು ಅಂಗಡಿಯೊಳಗೇ ಅತ್ತಿತ್ತ ಓಡಾಡಿದೆ. ನಿಜಕ್ಕೂ ಮೆತ್ತಗಿತ್ತು.

"ಅಂಗಡಿಯೊಳಗೆ ಎಲ್ಲ ಬೂಟೂ ಚೆನ್ನಾಗೇ ಇರುತ್ತೆ" ಎಂದಳು ಇವಳು.

"ಬರೋಬ್ಬರಿ ಮಾತು ಅಮ್ಮಾ. ಒಂದು ದಿನ ಹಾಕಿ ನೋಡ್ಲಿ. ಕಚ್ಚಿದ್ರೆ ತನ್ನಿ, ಸಡಿಲ ಮಾಡ್ಕೊಡ್ತೀನಿ."

ಬಸ್‌ಸ್ಟ್ಯಾಂಡಿನಲ್ಲಿ ಬೂಟಿನ ಡಬ್ಬ ನನ್ನ ಕೈಗೆ ಕೊಟ್ಟು ಅವಳು ಹೇಳಿದಳು: "ನಿಮ್ಮನ್ನ ನಂಬಕ್ಕಾಗಲ್ಲ. ಕಚ್ಚಿದ್ರೂ ಚೆನ್ನಾಗಿದೆ ಅಂತೀರಿ. ಮುಂದಿನ ವಾರ ರಜ ಹಾಕಿ ನಾನೇ ಬರ್ತೀನಿ. ನಿಮ್ಮ ಜೊತೆ ಇಡೀ ದಿನ ನಡೆದು ನೋಡ್ತೀನಿ. ಅಲ್ಲೀವರೆಗೂ ಇದನ್ನ ಮುಟ್ಟಬೇಡಿ."

ನಾನಿದ್ದ ಬಾಡಿಗೆ ಕೋಣೆಗೆ ಅವಳು ಅದುವರೆಗೆ ಬಂದಿರಲಿಲ್ಲ. ಆ ವಾರವೆಲ್ಲ ಕೋಣೆ ಗುಡಿಸಿದ್ದೇ ಗುಡಿಸಿದ್ದು. ಡಬ್ಬ ಮಂಚದ ಕೆಳಗಿತ್ತು. ದಿನವೂ ತೆರೆದು ಸ್ಪಂಜನ್ನು ಒತ್ತಿ ನೋಡಿ ಮುಚ್ಚಿಡುತ್ತಿದ್ದೆ. ಬೂಟಿನ ಮೇಲಿನ ಆಸೆಗಲ್ಲ.

ಅವಳು ಬಂದ ಮಾರನೆಯ ದಿನ ಬಿಸಿಲೇರುವ ಮುನ್ನ ಹೊರಟೆವು. ಮೊದಲು ಕ್ಯಾತಗಾನಚೆರ್ಲು, ಆಮೇಲೆ ರಾಯಚರ್ಲು. ಕಡಲೆಕಾಯಿ ಕಿತ್ತಾದ ಹೊಲಗಳ ನಡುವೆ ಕಾಲುದಾರಿ. ಬೂಟು ಹತ್ತಿಯ ಮೇಲೆ ನಡೆದಂತಿತ್ತು. ಕಲ್ಲಿನ ಮೇಲೆ ಕಾಲಿಟ್ಟರೂ ಕಲ್ಲು ಅನ್ನಿಸುತ್ತಿರಲಿಲ್ಲ. ಅವಳು ಆಗಾಗ "ಹೆಂಗಿದೆ?" ಅನ್ನುವಳು, ನಾನು "ಚೆನ್ನಾಗಿದೆ" ಅನ್ನುವೆ. ಆಮೇಲೆ ಇಬ್ಬರೂ ಬೂಟಿನ ವಿಚಾರ ಬಿಟ್ಟುಬಿಟ್ಟೆವು. ಅವಳು ತನ್ನ ಟ್ರೈನಿಂಗಿನ ಮೊದಲ ವಾರ ಫಿನಾಯಿಲ್ ವಾಸನೆಗೆ ಊಟ ಬಿಟ್ಟದ್ದನ್ನು ಹೇಳಿದಳು. ಮೊದಲ ಹೆರಿಗೆ ಮಾಡಿಸಿದಾಗ ಕೂಸಿಗಿಂತ ತಾನೇ ಹೆಚ್ಚು ಅತ್ತದ್ದನ್ನು ಹೇಳಿದಳು. ಕೇಳುತ್ತ ಕೇಳುತ್ತ, ನಾನು ಮದುವೆಯಾದವಳು ಯಾರೆಂದು ಆ ಬೆಳಿಗ್ಗೆಯೇ ನನಗೆ ಗೊತ್ತಾಗುತ್ತಿದೆ ಅನ್ನಿಸಿತು.

ಕ್ಯಾತಗಾನಚೆರ್ಲಿನಲ್ಲಿ ತೆಲುಗು ಕನ್ನಡ ಎರಡನ್ನೂ ಕಲಸಿ ಮಾತಾಡುವ ಒಬ್ಬ ಅಜ್ಜಿಯಿದ್ದಳು. ನಾನು ಹೋದಾಗಲೆಲ್ಲ ಬೆರಳು ಕೊಡಲು ರಗಳೆ ಮಾಡುವವಳು. ಅವತ್ತು ಬಾಗಿಲಲ್ಲೇ ತಡೆದಳು.

"ಏಮಯ್ಯಾ ಮಲೇರಿಯಾ ಸಾಮಿ, ಈಯಮ್ಮ ಯಾರು?"

"ನಮ್ಮನೆಯವಳು ಕಣಜ್ಜಿ."

"ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ? ರಾಮ್ಮಾ, ಬಾ, ಕೂತ್ಕೋ. ಇಂಥ ಎಂಡ್ರುನ ಬುಟ್ಟು ಒಬ್ನೇ ತಿರುಗ್ತೀಯಲ್ಲ, ನಿಂಗೇನಾಗದೆ?"

ಇವಳಿಗೆ ಚೊಂಬು ತುಂಬ ಮಜ್ಜಿಗೆ ಸಿಕ್ಕಿತು. ಅಜ್ಜಿಗೆ ಒಂದು ವಾರದಿಂದ ಚಳಿಜ್ವರ. ಇವಳು ಕೇಳಿದ ಕೂಡಲೇ ಬೆರಳು ಮುಂದೆ ಚಾಚಿದಳು. ನಾನು ಗೋಡೆಯ ಮೇಲೆ ತಾರೀಖು ಬರೆದೆ.

ಮಧ್ಯಾಹ್ನವಾಗುತ್ತಲೇ ಬೂಟು ತನ್ನ ಗುಣ ತೋರಿಸಿತು. ಸ್ಪಂಜು ಬೆವರು ಕುಡಿದು ಒಲೆಯಂತೆ ಕಾಯತೊಡಗಿತು. ಕಾಲು ಊದಿ ಕಿರುಬೆರಳ ಬಳಿ ಉಜ್ಜಲು ಶುರುವಾಯಿತು. ಹೇಳಲಿಲ್ಲ. ಹೇಳಿದರೆ ಅವಳು ಅಲ್ಲಿಂದಲೇ ಹಿಂತಿರುಗಿಸಿಬಿಡುತ್ತಾಳೆ, ಅರ್ಧ ದಿನ ಹೋಗುತ್ತದೆ ಎಂಬ ಭಯ. ಆದರೆ ನನ್ನ ನಡಿಗೆ ನೋಡಿ ಅವಳಿಗೇ ತಿಳಿಯಿತು. ಒಂದು ಬೇವಿನ ಮರದಡಿ ಕೂರಿಸಿ, ಬೂಟು ಬಿಚ್ಚಿ, ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು. ದೊಡ್ಡ ಬೊಬ್ಬೆ ಎದ್ದಿತ್ತು. ನಾನು ನಾಚಿ ಕಾಲು ಎಳೆದುಕೊಳ್ಳಲು ನೋಡಿದೆ.

ಕುರಿ ಹೊಡೆದುಕೊಂಡು ಬರುತ್ತಿದ್ದವನೊಬ್ಬ ನಿಂತ. "ಏನಾಯ್ತಮ್ಮಾ, ಹಾವೇನಾರ ಕಚ್ತಾ?"

"ಬೂಟು ಕಚ್ಚಿದೆ" ಎಂದಳು ಇವಳು.

ಅವನು ಬೂಟನ್ನು ಕೋಲಿನ ತುದಿಯಿಂದ ಹೊರಳಿಸಿ ನೋಡಿ, "ಹೊಸದು. ಇನ್ನಾ ಪಳಗಿಲ್ಲ" ಎಂದು ಹೇಳಿ ಕುರಿಗಳ ಹಿಂದೆ ಹೋದ. ಅವನು ಮರೆಯಾಗುವವರೆಗೂ ತಡೆದುಕೊಂಡು ಆಮೇಲೆ ಇಬ್ಬರೂ ನಕ್ಕೆವು. ಅವಳು ಅಷ್ಟು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮುಂದಕ್ಕೆ ಅವಳ ಹವಾಯಿ ಚಪ್ಪಲಿ ನನ್ನ ಕಾಲಿಗೆ ಬಂತು, ಹಿಮ್ಮಡಿ ಹೊರಗೇ ಇತ್ತು. ನನ್ನ ಬೂಟಿನ ತುದಿಗೆ ಬಟ್ಟೆ ತುರುಕಿ ಅವಳು ಹಾಕಿಕೊಂಡಳು. ಸೀರೆ ಕೊಂಚ ಎತ್ತಿ ಹಿಡಿದು, ಗಂಡಸರ ಬೂಟಿನಲ್ಲಿ ಅವಳು ರಾಯಚರ್ಲಿಗೆ ಕಾಲಿಟ್ಟಾಗ ನಲ್ಲಿಯ ಹತ್ತಿರವಿದ್ದ ಹೆಂಗಸರು ಬಿಂದಿಗೆ ಬಿಟ್ಟು ನೋಡಿದರು. ಅವಳಿಗೆ ಲೆಕ್ಕವೇ ಇರಲಿಲ್ಲ. ಮನೆಮನೆಗೂ ಅದೇ ಬೂಟಿನಲ್ಲಿ ಬಂದಳು.

"ಮೆತ್ತಗೇನೋ ಇದೆ ಕಣ್ರೀ. ಆದ್ರೆ ಮಧ್ಯಾಹ್ನದ ಮೇಲಿನ ಬೂಟಲ್ಲ ಇದು" ಎಂದು ಹಿಂತಿರುಗುವಾಗ ತೀರ್ಪು ಕೊಟ್ಟಳು.

ಮರುದಿನ ಬೆಳಿಗ್ಗೆ ಅವಳನ್ನು ಬಸ್ಸು ಹತ್ತಿಸಿದೆ. ಕಿಟಕಿಯಿಂದ, "ಬೊಬ್ಬೆ ಒಡೀಬೇಡಿ, ತಾನಾಗಿ ಆರಲಿ" ಅಂದಳು. ಬಸ್ಸು ಹೋದಮೇಲೂ ನಾನು ಧೂಳಿನಲ್ಲಿ ನಿಂತಿದ್ದೆ.

ಶಿರಾದ ಸಾಬರು ಬೂಟನ್ನು ಅಚ್ಚಿಗೆ ಹಾಕಿ ಸಡಿಲ ಮಾಡಿಕೊಟ್ಟರು. ಆಮೇಲೆ ಅದು ಕಚ್ಚಲಿಲ್ಲ. ಮಳೆಗಾಲದ ಹೊತ್ತಿಗೆ ಸ್ಪಂಜು ಕೂತು ಹಪ್ಪಳದಂತಾಯಿತು, ಆದರೂ ಹಾಕಿಕೊಳ್ಳುತ್ತಿದ್ದೆ. ಕಾಲು ಸುಖವಾಗಿತ್ತು, ದಾರಿ ಮಾತ್ರ ಉದ್ದವಾಯಿತು. ಬೇವಿನ ಮರ ಬಂದರೆ ನಿಲ್ಲಬೇಕು ಅನ್ನಿಸುವುದು. ಏನೋ ಹೇಳಲು ಪಕ್ಕಕ್ಕೆ ತಿರುಗುವುದು, ಯಾರೂ ಇಲ್ಲದ್ದು ಕಂಡು ಬಾಯಿ ಮುಚ್ಚುವುದು. ಹೋದಾಗಲೆಲ್ಲ ಅಜ್ಜಿ ನನ್ನ ಹಿಂದೆ ದಾರಿಯ ಕಡೆ ಇಣುಕಿ ನೋಡಿ, "ಇವತ್ತೂ ಒಬ್ನೇ ಬಂದ್ಬುಟ್ಟಾ?" ಎಂದು ಕೇಳುತ್ತಿದ್ದಳು.

ಎಂಬತ್ತರ ದಶಕ ಶುರುವಾದ ಮೇಲೆ ಇಬ್ಬರಿಗೂ ಮಧುಗಿರಿಗೆ ವರ್ಗವಾಯಿತು. ಕೋಟೆ ಬೆಟ್ಟ ಕಾಣುವ ಬೀದಿಯಲ್ಲಿ ಮನೆ ಮಾಡಿದೆವು. ನನಗೊಂದು ಸೈಕಲ್ಲು ಬಂತು. ಅವಳಿಗೆ ರಾತ್ರಿ ಪಾಳಿ, ಆಮೇಲೆ ಮಕ್ಕಳು. ಬೇಕೆಂದದ್ದು ಸಿಕ್ಕಿತ್ತು, ಒಂದೇ ಸೂರಿನಡಿ ಇದ್ದೆವು. ಆದರೆ ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಒಬ್ಬರಿಗೊಬ್ಬರೇ ಆಗಿ ನಡೆದ ದಿನ ಮತ್ತೆ ಬರಲಿಲ್ಲ.

ಒಂದು ಭಾನುವಾರ ಕೇಳಿಯೂ ಕೇಳಿದೆ. ಅವಳು ಹಿತ್ತಿಲಲ್ಲಿ ಯೂನಿಫಾರಂ ಒಗೆದು ಹಿಂಡುತ್ತಿದ್ದಳು.

"ಸುಮ್ನೆ ಎಲ್ಲಾದ್ರೂ ನಡ್ಕೊಂಡು ಹೋಗಿ ಬರೋಣ್ವಾ? ಬೆಳಿಗ್ಗೆ ಹೋಗಿ ಸಂಜೆಗೆ ಬರೋಣ."

ಅವಳು ಬಟ್ಟೆ ಹಿಂಡುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಎಲ್ಲಿಗೆ ಎಂದು ಕೇಳಲಿಲ್ಲ. ಒಳಗೆ ಮಗು ಎದ್ದು ಅಳಲು ಶುರುಮಾಡಿತು.

"ಹೋಗೋಣ ಕಣ್ರೀ. ಇದು ಸ್ವಲ್ಪ ದೊಡ್ಡದಾಗ್ಲಿ" ಎಂದು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ಉಳಿದ ಬಟ್ಟೆಗಳನ್ನು ನಾನೇ ಹಿಂಡಿ ಹಗ್ಗದ ಮೇಲೆ ಹರವಿದೆ.