ಕ್ಯಾಂಪಿನಿಂದ ಸೀರೆಯುಟ್ಟು ಬಂದ ಮಾತೆ

"ಬೇರೆಯವರೆಲ್ಲ ಬೇಡ ಅಂದರೆ, ಮಾತೆ ಕ್ಯಾಂಪಿನಿಂದ ನೇರ ನಮ್ಮ ಮನೆಗೇ ಬರಲಿ ಸ್ವಾಮಿ."

ಮನೆಯಲ್ಲಿ ಅತ್ತೆಯನ್ನು ಒಂದು ಮಾತೂ ಕೇಳದೆ, ಚರ್ಚಿನ ಪಾದ್ರಿ ಸ್ವಾಮಿಗಳ ಎದುರು ನಾನು ಹೀಗೆ ಹೇಳಿಬಿಟ್ಟೆ.

ನಮ್ಮ ಊರಿನ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಕ್ಟೋಬರ್ ಜಪಮಾಲೆಯ ತಿಂಗಳು. ಆ ತಿಂಗಳು ಪೂರ್ತಿ ಚರ್ಚಿನ ಮರಿಯಮ್ಮ ಮಾತೆಯ ಪ್ರತಿಮೆ ದಿನಕ್ಕೊಂದು ಮನೆಯಲ್ಲಿರುತ್ತದೆ.

ಸಂಜೆ ಆ ಮನೆಯಲ್ಲಿ ಎಲ್ಲರೂ ಕೂತು ಜಪ ಹೇಳುತ್ತೇವೆ. ಬೆಳಗ್ಗೆ ಆ ಮನೆಯ ಹೆಂಗಸು ಪ್ರತಿಮೆಯನ್ನು ಮುಂದಿನ ಮನೆಯ ಬಾಗಿಲಿಗೆ ತಂದು ಕೊಡಬೇಕು. ಈ ಸರದಿ ತಾತಂದಿರ ಕಾಲದ್ದು, ಅದರಲ್ಲಿ ಇದ್ದದ್ದು ಹಳೇ ಮನೆತನಗಳು ಮಾತ್ರ.

ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದ ಮೇಲೆ ತಮಿಳು ಸೀಮೆಯಿಂದ ಕಲ್ಲು ಒಡೆಯುವವರು ಬಂದು ಕ್ಯಾಂಪು ಹಾಕಿದರು. ಅವರಲ್ಲಿ ಕೆಲವರು ನಮ್ಮ ಹಾಗೆಯೇ ಶಿಲುಬೆಗೆ ಕೈ ಮುಗಿಯುವವರು.

ಭಾನುವಾರ ತಪ್ಪದೆ ಪೂಜೆಗೆ ಬರುತ್ತಾರೆ... ಚರ್ಚಿನ ಜಗುಲಿಯಲ್ಲೇ ನಿಂತು ಹೊರಟುಹೋಗುತ್ತಾರೆ. ಹೊರಗೆ ನಿಲ್ಲಿ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಯಾವ ಜಾತಿಯೋ ಏನೋ ಎಂಬ ಗುಸುಗುಸು ಅವರ ಕಿವಿಗೂ ಬಿದ್ದಿರಬೇಕು.

ಈ ಸಲ ಸ್ವಾಮಿಗಳು ಸರದಿಗೆ ಕ್ಯಾಂಪಿನ ಸವರಿಯಮ್ಮನ ಜೋಪಡಿಯನ್ನೂ ಸೇರಿಸಿದರು. ಸವರಿಯಮ್ಮ ಹಗಲೆಲ್ಲ ಜಲ್ಲಿ ಹೊರುತ್ತಾಳೆ, ಸಂಜೆ ಕ್ಯಾಂಪಿನವರಿಗೆಲ್ಲ ಜಪ ಹೇಳಿಸುತ್ತಾಳೆ.

ಊರಿನ ಹಿರಿಯರು ಜೋರಾಗಿ ಜಗಳವೇನೂ ಆಡಲಿಲ್ಲ. ಮಾತೆ ಅಲ್ಲಿಗೆ ಹೋಗಲಿ, ಆದರೆ ಅಲ್ಲಿಂದ ಸೀದಾ ಚರ್ಚಿಗೆ ವಾಪಸ್ಸಾಗಲಿ, ನಮ್ಮ ಮನೆಗಳಿಗೆ ಬೇಡ ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಆಗಲೇ ಬಾಯಿಂದ ಆ ಮಾತು ಬಂದದ್ದು.

ಈಗ ನನ್ನ ಅತ್ತೆ ಜೋಜಮ್ಮನವರ ವಿಷಯ. ಮಡಿ, ಮರ್ಯಾದೆ, ಪದ್ಧತಿ ಅಂದರೆ ಊರಿಗೆಲ್ಲ ಅವರೇ ಕೋರ್ಟು. ಅವರು ಬಾಗಿಲು ತೆಗೆದರೆ ಬೀದಿ ತೆಗೆಯುತ್ತದೆ, ಹಾಕಿದರೆ ಬೀದಿಯೂ ಹಾಕುತ್ತದೆ.

"ಯಾರ್ನ ಕೇಳಿ ಒಪ್ಕಂಡ್ ಬಂದೆ ನೀನು?" ಎಂದರು.

ಸ್ವಾಮಿಗಳ ಎದುರೇ ಮಾತು ಕೊಟ್ಟುಬಿಟ್ಟೆ ಎಂದೆ.

"ಅಂಗಾರೆ ಬಾಗ್ಲಲ್ಲಿ ನೀನೇ ನಿಂತ್ಕ. ನಾನಂತೂ ಕೈ ಮುಂದಕ್ಕೆ ಮಾಡಾಕಿಲ್ಲ."

ಪ್ರತಿಮೆಯನ್ನು ಇಸಿದುಕೊಳ್ಳಬೇಕಾದ್ದು ಮನೆಯ ಹಿರಿಯ ಹೆಂಗಸೇ. ಅತ್ತೆ ಇಸಿದುಕೊಳ್ಳದಿದ್ದರೆ ಸವರಿಯಮ್ಮ ಪ್ರತಿಮೆ ಹಿಡಿದುಕೊಂಡು ನಡುಬೀದಿಯಲ್ಲಿ ನಿಲ್ಲಬೇಕಾಗುತ್ತದೆ, ಊರೆಲ್ಲ ನೋಡುತ್ತಿರುವಾಗ. ನನ್ನ ದುಡುಕಿಗೆ ಅವಳಿಗೆ ಅವಮಾನ. ಅದೇ ಯೋಚನೆಯಲ್ಲಿ ಎರಡು ದಿನ ಅನ್ನ ಸೇರಲಿಲ್ಲ.

ಕ್ಯಾಂಪಿನ ಸರದಿಯ ದಿನ ಸಂಜೆ ಊರಿನಿಂದ ಹೋದವರು ನಾವು ನಾಲ್ಕೇ ಜನ. ಒಂದೊಂದು ಮಣಿಗೂ ಜಪದ ಮೊದಲರ್ಧ ನಾವು ಕನ್ನಡದಲ್ಲಿ ಹೇಳಿದೆವು, ಉಳಿದರ್ಧ ಅವರು ತಮಿಳಿನಲ್ಲಿ ಹೇಳಿದರು. ಎಲ್ಲೂ ತಡವರಿಸಲಿಲ್ಲ, ಮಣಿಗಳು ಸರಾಗವಾಗಿ ಸರಿದವು. ಇಷ್ಟು ಸುಲಭ ಇತ್ತಾ ಅನ್ನಿಸಿ ನಗು ಬಂತು.

ಬೆಳಗ್ಗೆ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದೇನೆ. ಬೀದಿಯಲ್ಲಿ ಎಲ್ಲ ಬಾಗಿಲಲ್ಲೂ ಒಂದೊಂದು ತಲೆ.

ಸವರಿಯಮ್ಮ ತಲೆಯ ಮೇಲೆ ಸೆರಗು ಹೊದ್ದು ಬರುತ್ತಿದ್ದಾಳೆ. ಅವಳ ಕೈಯಲ್ಲಿದ್ದ ಮಾತೆಯನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದು ಮುಂದಕ್ಕೆ ಬಾಗಿದೆ.

ಮಾತೆಗೆ ಸೀರೆ ಉಡಿಸಿದ್ದಾಳೆ! ಕೆಂಪು ಸೀರೆ, ಹಳದಿ ಅಂಚು, ಮುಡಿಗೆ ಹೂವು. ನಮ್ಮಲ್ಲಿ ಪ್ರತಿಮೆಗೆ ಒಂದು ಬಿಳಿ ಬಟ್ಟೆ ಹೊದಿಸುವುದು ಬಿಟ್ಟರೆ ಬೇರೇನೂ ಮಾಡಿದ್ದಿಲ್ಲ. ಆಮೇಲೆ ಗೊತ್ತಾಯಿತು, ಅದು ಅವಳು ಮದುವೆಯಲ್ಲಿ ಉಟ್ಟ ಸೀರೆ, ಅದನ್ನೇ ಕತ್ತರಿಸಿದ್ದಳು. ಅವಳು ಈಗ ಉಟ್ಟಿದ್ದ ಸೀರೆಯಲ್ಲಿ ಮಾತ್ರ ತೇಪೆ ಎಣಿಸುವಂತಿತ್ತು.

ನನ್ನ ಮುಖ ನೋಡಿ ಅವಳಿಗೆ ಗಾಬರಿಯಾಯಿತು.

"ನಂ ಊರ್ಲಿ ಮಾತಾಗೆ ಸೀರೆ ಕಟ್ಟುವಾರು ಅಮ್ಮಾ... ತಪ್ಪಾಚ್ಚಾ?"

ಅಷ್ಟರಲ್ಲಿ ಹಿಂದಿನಿಂದ ಅತ್ತೆ ಬಂದರು. ನನ್ನನ್ನು ಪಕ್ಕಕ್ಕೆ ಸರಿಸಿ ಹೊಸ್ತಿಲಲ್ಲಿ ನಿಂತರು. ಸೀರೆ ನೋಡಿದರು. ಸವರಿಯಮ್ಮನ ತೇಪೆ ನೋಡಿದರು.

"ಇಂಗಾ ನೆರಿಗೆ ಇಡಿಯೋದು? ಸೌದೆ ಒರೆ ಕಟ್ದಂಗೆ ಕಟ್ಟಿದ್ದೀಯಲ್ಲವ್ವ ತಾಯ್ಗೆ! ಒಳಿಕ್ ಬಾ, ತೋರುಸ್ತೀನಿ."

ಹೇಳಿದವರೇ ಎರಡೂ ಕೈ ಮುಂದೆ ಮಾಡಿ ಮಾತೆಯನ್ನು ಇಸಿದುಕೊಂಡರು.

ನಡುಮನೆಯಲ್ಲಿ ಇಬ್ಬರೂ ಕೂತು ಸೀರೆ ಬಿಚ್ಚಿ, ನೆರಿಗೆ ಹಿಡಿದು, ಮತ್ತೆ ಉಡಿಸಿದರು. ಭಾಷೆ ಅರ್ಧಂಬರ್ಧ, ಜಗಳ ಮಾತ್ರ ಪೂರ್ತಿ. ನಾನು ಕಂಬಕ್ಕೆ ಒರಗಿ ಅಳುತ್ತಿದ್ದೆ.

"ಅಳ್ತಾ ನಿಂತ್ಕಬ್ಯಾಡ. ಬಂದೋಳ್ಗೆ ಆಲು ಕಾಯ್ಸೋಗು," ಎಂದರು ಅತ್ತೆ.

ಆ ಸಂಜೆ ಕ್ಯಾಂಪಿನವರೆಲ್ಲ ನಮ್ಮ ನಡುಮನೆಯಲ್ಲಿ ಕೂತರು. ಅರ್ಧ ಜಪ ಅತ್ತೆ ಹೇಳಿಸಿದರು, ಅರ್ಧ ಸವರಿಯಮ್ಮ.

ಮರುದಿನ ಬೆಳಗ್ಗೆ ಪ್ರತಿಮೆಯನ್ನು ಅಂತೋಣಪ್ಪನವರ ಮನೆಗೆ ಕೊಡಬೇಕು. ವಾಪಸ್ಸು ಚರ್ಚಿಗೆ ಹೋಗಲಿ ಎಂದವರಲ್ಲಿ ಅವರೇ ಮೊದಲಿಗರು. ನಾನು ಎತ್ತಿಕೊಳ್ಳಲು ಹೋದರೆ ಅತ್ತೆ ಬಿಡಲಿಲ್ಲ, ಸೀರೆಯುಟ್ಟ ಮಾತೆಯನ್ನು ತಾವೇ ಎದೆಗೊತ್ತಿಕೊಂಡು ಹೊರಟರು.

ಅಂತೋಣಪ್ಪನವರು ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು. ಕ್ಯಾಂಪಿಗೆ ಹೋಗಿ ಬಂದದ್ದಲ್ಲವಾ ಎಂದು ಏನೋ ಗೊಣಗಿದರು.

"ಲೇ ಅಂತೋಣಿ, ತಾಯಿ ನಮ್ಮನೇಲಿ ಇದ್ದು ಬಂದವ್ಳೆ. ನಮ್ಮನೆ ಮೇಲೆ ನಿಂಗೇನಾರ ದೂರು ಇದ್ರೆ ಯೋಳು. ಇಲ್ಲಾಂದ್ರೆ ಜರುಗ್ಲಾ ಅತ್ಲಾಗೆ."

ಜರುಗಿದರು!

ಬರುವ ವರ್ಷದ ಸರದಿಯನ್ನು ಮೊನ್ನೆ ಚರ್ಚಿನಲ್ಲಿ ಓದಿದರು. ಅದರಲ್ಲಿ ಕ್ಯಾಂಪಿನ ಏಳು ಜೋಪಡಿಗಳಿವೆ. ಕೇಳುತ್ತಾ ಕೂತಿದ್ದ ನನಗೆ, ಈ ಅತ್ತೆಯ ಸೊಸೆ ನಾನು ಎಂದು ಎದ್ದು ನಿಂತು ಕೂಗಬೇಕು ಅನ್ನಿಸಿತು.

ನಿಮ್ಮ ಊರಿನ ಸರದಿಗೆ ಇನ್ನೂ ಸೇರದ ಮನೆ ಯಾವುದು... ಆ ಮನೆಯವರಿಗೆ ಮೊದಲು ಕೈ ಮುಂದೆ ಮಾಡುವವರು ಯಾರು?